ಪ್ರೋಟೀನಿಗೆ ನಕ್ಷೆ ಬರೆದ ಜಿ. ಎನ್. ರಾಮಚಂದ್ರನ್

ಕಾಮರ್ಸ್ ಓದುವ ಹುಡುಗನಿಗೆ ಪ್ರೋಟೀನಿನ ಗೊಡವೆ ಯಾಕೆ ಅಂತ ಗೆಳೆಯರು ನಗಬಹುದು. ನಾನಿರುವ ದೆಹಲಿಯ ವಸಂತ್ ಕುಂಜ್‌ಗೆ ಹತ್ತಿರದಲ್ಲೇ, ಅರುಣಾ ಅಸಫ್ ಅಲಿ ಮಾರ್ಗದಲ್ಲಿ, ಜೆನೆಟಿಕ್ ಇಂಜಿನಿಯರಿಂಗ್‌ನ ಅಂತರರಾಷ್ಟ್ರೀಯ ಕೇಂದ್ರವೊಂದಿದೆ. ಅಲ್ಲಿ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿ ಹೊಸ ಪೆಪ್ಟೈಡ್‌ಗಳನ್ನು ಮಾಡಿದ್ದಾರೆ. ಡಿಹೈಡ್ರೋಫಿನೈಲಾಲನೀನ್ ಎಂಬ ಮಾರ್ಪಡಿಸಿದ ಮಣಿಯನ್ನು ಸೇರಿಸಿ ಸರಕ್ಕೆ ಬೇಕಾದ ಬಾಗು ತಂದಿದ್ದಾರೆ. ಆದರೆ ಸರ ಮನಬಂದಂತೆ ಬಾಗುವುದಿಲ್ಲ. ಎಲ್ಲಿ ತಿರುಗಬಹುದು, ಎಲ್ಲಿ ಕೂಡದು ಅಂತ ಮೊದಲು ನಕ್ಷೆ ಬರೆದುಕೊಟ್ಟವರು ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು ಬಂದರು. ಸರ್ ಸಿ. ವಿ. ರಾಮನ್ ಈ ಹುಡುಗನನ್ನು ಗುರುತಿಸಿ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಎಳೆದುಕೊಂಡರು! ಆಮೇಲೆ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. 1952ರಲ್ಲಿ, ಮೂವತ್ತರ ಹರೆಯಕ್ಕೇ, ಮದರಾಸು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಮುಖ್ಯಸ್ಥರಾದರು.

ಅಲ್ಲಿ ಗೋಪಿನಾಥ ಕರ್ತಾ ಅವರ ಜೊತೆ ಸೇರಿ ಕೊಲಾಜೆನ್ ಎಂಬ ಪ್ರೋಟೀನನ್ನು ಹಿಡಿದರು. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಲ್ಲಿ ಇರುವುದು ಇದೇ. ಮೂರು ಎಳೆಗಳು ಜಡೆಯಂತೆ ಹೊಸೆದುಕೊಂಡಿವೆ ಎಂದು 1954-55ರಲ್ಲಿ ತೋರಿಸಿದರು. ಕೂಡಲೇ ಕ್ರಿಕ್ ಮತ್ತು ರಿಚ್ ಆಕ್ಷೇಪ ಎತ್ತಿದರು: ಈ ರಚನೆಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ ಎಂದು. ಮುಂದೆ ಮೂರು ಎಳೆಯ ಮಾತು ನಿಂತಿತು, ಹೈಡ್ರೋಜನ್ ಬಂಧಗಳ ಲೆಕ್ಕ ಮಾತ್ರ ತಿದ್ದಬೇಕಾಯಿತು.

ರಾಮಚಂದ್ರನ್ ಬರೀ ವಾದ ಮಾಡುತ್ತ ಕೂರಲಿಲ್ಲ. ಹಾಗಾದರೆ ಎಷ್ಟು ಹತ್ತಿರ ಬಂದರೆ ತಪ್ಪು? ಆಡಿಟರು ಹಳೇ ವೋಚರುಗಳನ್ನೆಲ್ಲ ತೆಗೆಸುವ ಹಾಗೆ, ಅಲ್ಲಿಯವರೆಗೆ ಪ್ರಕಟವಾಗಿದ್ದ ಹರಳುಗಳ ಅಳತೆಗಳನ್ನು ಜಾಲಾಡಿದರು. ಸರದ ಪ್ರತಿ ಮಣಿಯ ಬಳಿ ತಿರುಗುವ ಕೋನಗಳು ಎರಡು, ಫೈ ಮತ್ತು ಸೈ. ಎರಡನ್ನೂ ತಿರುಗಿಸುತ್ತ ಹೋದರೆ ಬಹುಪಾಲು ಕಡೆ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಕೆಲವೇ ಜಾಗ ಉಳಿಯುತ್ತವೆ. ರಾಮಕೃಷ್ಣನ್, ಶಶಿಶೇಖರನ್ ಅವರೊಂದಿಗೆ 1963ರಲ್ಲಿ ಪ್ರಕಟಿಸಿದ ಆ ಚಿತ್ರವೇ ರಾಮಚಂದ್ರನ್ ನಕ್ಷೆ. ಪ್ರೋಟೀನಿನ ರಚನೆ ಸರಿಯೋ ತಪ್ಪೋ ಅಂತ ಇಂದಿಗೂ ಇದರಲ್ಲಿಟ್ಟು ನೋಡುತ್ತಾರೆ.

1971ರಲ್ಲಿ ಬೆಂಗಳೂರಿಗೆ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್ ಬರಲೇ ಇಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಲೆಕ್ಕದಲ್ಲಿ ತಪ್ಪಿದೆ ಎಂದರೆ ನಮಗೆಲ್ಲ ಮುಖ ಸಪ್ಪಗಾಗುತ್ತದೆ. ಅವರು ಅದೇ ಮಾತನ್ನು ಹಿಡಿದು ಹೋಗಿ ಜಗತ್ತಿಗೆಲ್ಲ ಬೇಕಾದ ಅಳತೆಗೋಲು ತಂದರು. ಗೆಳೆಯರೇ, ಈಗ ಆ ಮಾರ್ಗದಲ್ಲಿ ಬಸ್ಸು ಹೋಗುವಾಗ ನನಗೆ ಅವರ ನೆನಪಾಗುತ್ತದೆ.