ಗ್ರಂಥಗಳನ್ನು ಕಾಪಾಡಿದ ಕಾರ್ಡಿನಲ್ ಬೆಸ್ಸಾರಿಯೋನ್

ನವೆಂಬರ್ ತಿಂಗಳು ಅಗಲಿದವರಿಗಾಗಿ ಪ್ರಾರ್ಥಿಸುವ ತಿಂಗಳು. ಹಿರಿಯರ ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಅವರ ಹೆಸರಿನಲ್ಲಿ ಬಲಿಪೂಜೆ ಮಾಡಿಸುತ್ತೇವೆ. ಇದೇ ತಿಂಗಳ 18ರಂದು, 1472ರಲ್ಲಿ, ಇಟಲಿಯ ರವೆನ್ನಾ ಪಟ್ಟಣದಲ್ಲಿ ಕಾರ್ಡಿನಲ್ ಬೆಸ್ಸಾರಿಯೋನ್ ಪ್ರಭುವಿನಲ್ಲಿ ನಿದ್ರೆಹೋದರು. ಅವರು ಸಂತ ಪದವಿಗೇರಿದವರಲ್ಲ. ಅವರ ಹೆಸರಿನ ಹಬ್ಬವೂ ನಮ್ಮ ಪಂಚಾಂಗದಲ್ಲಿಲ್ಲ. ಆದರೆ ಪ್ಲೇಟೋ, ಹೋಮರ್ ಹಾಗೂ ಗ್ರೀಕ್ ಧರ್ಮಪಿತೃಗಳ ಬರಹಗಳನ್ನು ಜಗತ್ತು ಇಂದು ಓದುತ್ತಿದ್ದರೆ ಅದರಲ್ಲಿ ಈ ಕಾರ್ಡಿನಲರ ಪಾಲು ದೊಡ್ಡದು. ಹಳೆಯ ಗ್ರಂಥಗಳನ್ನು ಹುಡುಕಿ ಕೂಡಿಡುವುದು ಅನೇಕರಿಗೆ ಹವ್ಯಾಸ. ಇವರಿಗೆ ಅದು ಒಂದು ಜನಾಂಗದ ಉಸಿರನ್ನು ಉಳಿಸುವ ಕೆಲಸವಾಗಿತ್ತು.

ಕಪ್ಪು ಸಮುದ್ರದ ದಡದ ಹುಡುಗ

ಬೆಸ್ಸಾರಿಯೋನ್ ಹುಟ್ಟಿದ್ದು 15ನೇ ಶತಮಾನದ ಮೊದಲ ವರ್ಷಗಳಲ್ಲಿ, ಕಪ್ಪು ಸಮುದ್ರದ ದಡದ ಟ್ರೆಬಿಜೋಂಡ್ ಎಂಬ ಬಂದರು ಪಟ್ಟಣದಲ್ಲಿ. ಅದು ಇಂದಿನ ಟರ್ಕಿ ದೇಶಕ್ಕೆ ಸೇರಿದೆ. ಬಾಲಕನಾಗಿದ್ದಾಗಲೇ ವಿದ್ಯಾಭ್ಯಾಸಕ್ಕಾಗಿ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಬಂದರು. 1423ರಲ್ಲಿ ಸನ್ಯಾಸ ಸ್ವೀಕರಿಸಿ, ಈಜಿಪ್ಟಿನ ಮರುಭೂಮಿಯ ತಪಸ್ವಿ ಸಂತ ಬೆಸ್ಸಾರಿಯೋನರ ಹೆಸರನ್ನು ತಮ್ಮದಾಗಿಸಿಕೊಂಡರು. ಮುಂದೆ ಗ್ರೀಸಿನ ಮಿಸ್ತ್ರಾ ಎಂಬಲ್ಲಿ ಪ್ಲೇಥೋನ್ ಎಂಬ ಪ್ರಸಿದ್ಧ ವಿದ್ವಾಂಸರ ಬಳಿ ಪ್ಲೇಟೋವಿನ ತತ್ವಶಾಸ್ತ್ರವನ್ನೂ ಗಣಿತವನ್ನೂ ಕಲಿತರು.

ಆಗಿನ್ನೂ ಯುರೋಪಿನಲ್ಲಿ ಮುದ್ರಣ ಯಂತ್ರ ಬಂದಿರಲಿಲ್ಲ. ಒಂದು ಪುಸ್ತಕ ಬೇಕೆಂದರೆ ಯಾರಾದರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಕೈಯಿಂದ ಬರೆಯಬೇಕಿತ್ತು. ಬಡ ವಿದ್ಯಾರ್ಥಿಯಾಗಿದ್ದ ಬೆಸ್ಸಾರಿಯೋನ್ ತಮಗೆ ಬೇಕಾದುದನ್ನು ತಾವೇ ಬರೆದುಕೊಂಡರು. ಕೈಗೆ ಬಂದ ಅಲ್ಪ ಹಣವನ್ನು ಕೂಡಿಸಿ ಪುಸ್ತಕಗಳನ್ನು ಕೊಂಡರು. ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಐಕ್ಯದ ಕನಸು

1437ರಲ್ಲಿ ಅವರು ನೈಸೀಯದ ಮಹಾಧರ್ಮಾಧ್ಯಕ್ಷರಾದರು. ಮರುವರ್ಷ ಗ್ರೀಕ್ ಚಕ್ರವರ್ತಿ ಮತ್ತು ಪಿತಾಮಹರೊಂದಿಗೆ ಹಡಗಿನಲ್ಲಿ ಇಟಲಿಗೆ ಬಂದರು. ಶತಮಾನಗಳಿಂದ ಬೇರೆಯಾಗಿದ್ದ ಪೂರ್ವ ಮತ್ತು ಪಶ್ಚಿಮದ ಧರ್ಮಸಭೆಗಳನ್ನು ಒಂದುಗೂಡಿಸಲು ಮೊದಲು ಫೆರಾರಾದಲ್ಲಿ, ಬಳಿಕ ಫ್ಲೋರೆನ್ಸಿನಲ್ಲಿ ಮಹಾಸಭೆ ನಡೆಯಿತು. ಪವಿತ್ರಾತ್ಮರು ಪಿತನಿಂದ ಮಾತ್ರ ಹೊರಡುವರೇ, ಸುತನಿಂದಲೂ ಹೊರಡುವರೇ ಎಂಬುದೇ ದೊಡ್ಡ ಚರ್ಚೆ.

ಈ ಚರ್ಚೆಯ ನಡುವೆ ಹಳೆಯ ಪುಸ್ತಕವೇ ಸಾಕ್ಷಿಯ ಕಟಕಟೆಗೆ ಬಂತು. ಸಂತ ಬಾಸಿಲರ ಒಂದು ಗ್ರಂಥದಲ್ಲಿ ಲ್ಯಾಟಿನರ ವಾದಕ್ಕೆ ಬೆಂಬಲ ನೀಡುವ ಮಾತೊಂದು ಕೆಲವು ಪ್ರತಿಗಳಲ್ಲಿತ್ತು, ಇನ್ನು ಕೆಲವುಗಳಲ್ಲಿರಲಿಲ್ಲ. ಯಾವುದು ಮೂಲ? ಬೆಸ್ಸಾರಿಯೋನ್ ಕಾನ್‌ಸ್ಟಾಂಟಿನೋಪಲಿಗೆ ಮರಳಿದ ಮೇಲೆ ಅಲ್ಲಿನ ಮಠಗಳ ಗ್ರಂಥ ಭಂಡಾರಗಳನ್ನು ಶೋಧಿಸಿದರು. ಜಗಳ ಹುಟ್ಟುವ ಮೊದಲೇ ಬರೆದ ಪ್ರತಿಗಳಲ್ಲಿ ಆ ಮಾತು ಇತ್ತು. ಜಗಳದ ಬಳಿಕ ಬರೆದವುಗಳಲ್ಲಿ ಇರಲಿಲ್ಲ. ಅದನ್ನು ಅಳಿಸಿಹಾಕಿದ ಗುರುತೂ ಅವರಿಗೆ ಸಿಕ್ಕಿತು. ಹಳೆಯ ಪ್ರತಿ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಮನುಷ್ಯರು ಪಕ್ಷ ವಹಿಸಿ ತಿದ್ದುವ ಮೊದಲು ಹಿರಿಯರು ಏನು ಬರೆದಿದ್ದರು ಎಂಬುದನ್ನು ಅದು ತಿಳಿಸುತ್ತದೆ.

1439ರ ಜುಲೈ 6ರಂದು ಫ್ಲೋರೆನ್ಸಿನ ಪ್ರಧಾನಾಲಯದಲ್ಲಿ ಐಕ್ಯದ ಆಜ್ಞಾಪತ್ರವನ್ನು ಕಾರ್ಡಿನಲ್ ಚೆಸಾರಿನಿ ಲ್ಯಾಟಿನಿನಲ್ಲಿ ಓದಿದರೆ, ಬೆಸ್ಸಾರಿಯೋನ್ ಗ್ರೀಕಿನಲ್ಲಿ ಓದಿದರು. ಆದರೆ ಊರಿಗೆ ಮರಳಿದಾಗ ಸ್ವಂತ ಜನರೇ ಅವರನ್ನು ದ್ರೋಹಿ ಎಂಬಂತೆ ಕಂಡರು. ಜಗದ್ಗುರು 4ನೇ ಯುಜೀನ್ ಅದೇ ವರ್ಷದ ಡಿಸೆಂಬರಿನಲ್ಲಿ ಅವರನ್ನು ಕಾರ್ಡಿನಲ್ ಪದವಿಗೇರಿಸಿದರು. ಬೆಸ್ಸಾರಿಯೋನ್ ಇಟಲಿಗೆ ಬಂದು ನೆಲೆಸಿದರು. ಗ್ರೀಕ್ ಸನ್ಯಾಸಿಯ ಗಡ್ಡವನ್ನು ಮಾತ್ರ ತೆಗೆಯಲಿಲ್ಲ.

ನಗರ ಬಿತ್ತು

1453ರ ಮೇ 29ರಂದು ಕಾನ್‌ಸ್ಟಾಂಟಿನೋಪಲ್ ಒಟ್ಟೊಮನ್ ಸೈನ್ಯದ ವಶವಾಯಿತು. ಆಗ ಬೆಸ್ಸಾರಿಯೋನ್ ಜಗದ್ಗುರುಗಳ ಪ್ರತಿನಿಧಿಯಾಗಿ ಬೊಲೊನ್ಯಾದಲ್ಲಿದ್ದು, ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಹೊಸ ಜೀವ ಕೊಡುತ್ತಿದ್ದರು. ಸುದ್ದಿ ತಲುಪಿದಾಗ ಅವರ ದುಃಖಕ್ಕೆ ಮೇರೆಯಿರಲಿಲ್ಲ. ಸಹಾಯಕ್ಕಾಗಿ ವೆನಿಸಿನ ಅಧಿಪತಿಗೆ ಪತ್ರ ಬರೆದರು. ಆದರೆ ಕಳೆದುಹೋದ ನಗರವನ್ನು ತಮ್ಮಿಂದ ಮರಳಿ ತರಲಾಗದೆಂದು ಅವರಿಗೆ ತಿಳಿಯದೇ ಇರಲಿಲ್ಲ. ಹಾಗಾದರೆ ತಮ್ಮಿಂದ ಆಗುವುದೇನು? ನಗರದ ಗೋಡೆ ಬಿದ್ದರೂ ಅದರ ವಿದ್ಯೆ ಉಳಿಯಬಹುದಲ್ಲವೇ?

ಅಂದಿನಿಂದ ಅವರ ಗ್ರಂಥ ಸಂಗ್ರಹಕ್ಕೆ ಒಂದು ಗುರಿ ಬಂತು. ಅಲ್ಲಿಯವರೆಗೆ ತಮ್ಮ ಓದಿಗಾಗಿ ಕೂಡಿಸುತ್ತಿದ್ದರು. ಇನ್ನು ಮುಂದೆ ಇಡೀ ಗ್ರೀಕ್ ಜನಾಂಗದ ಪರವಾಗಿ ಕೂಡಿಸತೊಡಗಿದರು. ಕ್ರೀಟ್ ದ್ವೀಪದಲ್ಲಿ ನಿರಾಶ್ರಿತರಾಗಿದ್ದ ವಿದ್ವಾಂಸ ಮಿಖಾಯಿಲ್ ಅಪೊಸ್ತೊಲಿಸ್ ಅವರಿಗೆ ಬರೆದು, ಗ್ರೀಕ್ ನಾಡಿನಲ್ಲಿ ಎಲ್ಲೆಲ್ಲಿ ಪುಸ್ತಕಗಳು ಉಳಿದಿವೆಯೋ ಹುಡುಕಿ ಕೊಳ್ಳುವಂತೆ ಬೇಡಿದರು. ಮುಂದೊಂದು ದಿನ ತಮ್ಮ ಜನ ಸ್ವತಂತ್ರರಾದರೆ ಹಿರಿಯರ ಸಂಪತ್ತು ಅವರಿಗೆ ಒಂದೇ ಕಡೆ ಸಿಗಬೇಕೆಂಬುದು ಅವರ ಆಸೆ. ಕೊಳ್ಳಲಾಗದ್ದನ್ನು ನಕಲು ಮಾಡಿಸಿದರು. ಕ್ರೀಟಿನ ಧರ್ಮಗುರು ಯೊವಾನ್ನಿಸ್ ರೋಸೊಸ್ ಮೊದಲಾದ ಲಿಪಿಕಾರರು ವರ್ಷಗಟ್ಟಲೆ ಅವರಿಗಾಗಿ ಬರೆದರು.

ದಕ್ಷಿಣ ಇಟಲಿಯ ಒತ್ರಾಂತೊ ಬಳಿಯ ಕಾಸೊಲೆ ಎಂಬ ಗ್ರೀಕ್ ಮಠದಲ್ಲಿ ಕ್ವಿಂಟಸ್ ಎಂಬ ಪ್ರಾಚೀನ ಕವಿಯ ಕಾವ್ಯವೊಂದು ಅವರ ಕಣ್ಣಿಗೆ ಬಿತ್ತು. ಹೋಮರನ ಕಥೆಯನ್ನು ಮುಂದುವರಿಸುವ ಈ ಕೃತಿ ಪಶ್ಚಿಮದ ವಿದ್ವಾಂಸರಿಗೆ ಮತ್ತೆ ಪರಿಚಯವಾದದ್ದು ಹೀಗೆ. 1480ರಲ್ಲಿ ಒಟ್ಟೊಮನ್ ಪಡೆ ಒತ್ರಾಂತೊ ಮೇಲೆ ದಾಳಿ ಮಾಡಿದಾಗ ಆ ಮಠ ನಾಶವಾಯಿತು. ಬೆಸ್ಸಾರಿಯೋನ್ ತಡಮಾಡಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ.

ಓದುವವರ ಮನೆ

ರೋಮಿನ ಪವಿತ್ರ ಪ್ರೇಷಿತರ ದೇವಾಲಯದ ಬಳಿಯಿದ್ದ ಅವರ ಮನೆ ಗ್ರೀಕ್ ನಿರಾಶ್ರಿತರಿಗೂ ಇಟಲಿಯ ವಿದ್ವಾಂಸರಿಗೂ ತೆರೆದಿತ್ತು. ಅಲ್ಲಿ ಒಂದು ಸಾರಿ ಚರ್ಚೆಯೆದ್ದದ್ದು ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯದ ಒಂದು ಪದದ ಬಗ್ಗೆ. ಪುನರುತ್ಥಾನರಾದ ಪ್ರಭು ತಮ್ಮ ಪ್ರಿಯ ಶಿಷ್ಯನ ಕುರಿತು ಪೇತ್ರನಿಗೆ ಹೇಳುವ ಮಾತಿನಲ್ಲಿ, ಗ್ರೀಕ್ ಮೂಲದಲ್ಲಿ ಒಂದು ವೇಳೆ ಎಂಬರ್ಥದ ಪದವಿದೆ. ಆಗಿನ ಲ್ಯಾಟಿನ್ ಬೈಬಲಿನಲ್ಲಿ ಒಂದು ಅಕ್ಷರ ಹೆಚ್ಚಾಗಿ, ಹೀಗೆ ಎಂಬರ್ಥ ಬಂದುಬಿಟ್ಟಿತ್ತು. ಇದು ನಕಲು ಮಾಡಿದವರ ಕೈತಪ್ಪು ಎಂದು ಬೆಸ್ಸಾರಿಯೋನ್ ಗ್ರೀಕ್ ಮೂಲದ ಆಧಾರದಿಂದ ವಾದಿಸಿದರು. ಎಲ್ಲರೂ ಒಪ್ಪಲಿಲ್ಲ. ಆದರೆ 1979ರಲ್ಲಿ ಧರ್ಮಸಭೆ ಪ್ರಕಟಿಸಿದ ಹೊಸ ವಲ್ಗಾತಾದಲ್ಲಿ ಬೆಸ್ಸಾರಿಯೋನ್ ಹೇಳಿದ ಪದವೇ ಇದೆ. ಸತ್ಯಕ್ಕೆ ತಾಳ್ಮೆ ಬೇಕು!

ಜಗದ್ಗುರುಗಳ ಪ್ರತಿನಿಧಿಯಾಗಿ ವಿಯೆನ್ನಾಕ್ಕೆ ಹೋದಾಗ ಪೊಯರ್‌ಬಾಖ್ ಎಂಬ ಖಗೋಳ ವಿದ್ವಾಂಸರನ್ನು ಕಂಡು, ಟಾಲೆಮಿಯ ಮಹಾಗ್ರಂಥದ ಸಾರಾಂಶ ಬರೆಯುವಂತೆ ಪ್ರೋತ್ಸಾಹಿಸಿದರು. ಪೊಯರ್‌ಬಾಖ್ 1461ರಲ್ಲಿ ತೀರಿಕೊಂಡಾಗ ಅವರ ಶಿಷ್ಯ ರೆಜಿಯೊಮೊಂಟಾನಸ್ ಅದನ್ನು ಪೂರೈಸಿದರು. 1496ರಲ್ಲಿ ವೆನಿಸಿನಲ್ಲಿ ಅಚ್ಚಾದ ಆ ಪುಸ್ತಕವನ್ನು ಮುಂದೆ ಕೊಪರ್ನಿಕಸ್ ಅಭ್ಯಾಸ ಮಾಡಿದರು.

1455ರಲ್ಲಿ ಹೊಸ ಜಗದ್ಗುರುಗಳ ಆಯ್ಕೆಗಾಗಿ ಕಾರ್ಡಿನಲರು ಸೇರಿದಾಗ ಬೆಸ್ಸಾರಿಯೋನರ ಹೆಸರು ಬಲವಾಗಿ ಕೇಳಿಬಂತು. ಗ್ರೀಕರಿಂದ ಬಂದವರು, ಇನ್ನೂ ಗಡ್ಡ ಬಿಟ್ಟವರು ಪೇತ್ರನ ಪೀಠಕ್ಕೇರುವುದೇ ಎಂದು ಫ್ರೆಂಚ್ ಕಾರ್ಡಿನಲರೊಬ್ಬರು ಆಕ್ಷೇಪಿಸಿದರು. ಅವಕಾಶ ತಪ್ಪಿತು. ಊರಿನಲ್ಲಿ ಲ್ಯಾಟಿನರ ಪಕ್ಷದವನೆಂಬ ದೂರು, ರೋಮಿನಲ್ಲಿ ಗ್ರೀಕನೆಂಬ ದೂರು. ಎರಡು ದಡಗಳ ನಡುವೆ ಸೇತುವೆಯಾಗುವವರನ್ನು ಎರಡೂ ಕಡೆಯವರು ತುಳಿಯುತ್ತಾರೆ.

ವೆನಿಸಿಗೆ ಕೊಟ್ಟ ಕಾಣಿಕೆ

ವಯಸ್ಸಾದಂತೆ ಅವರಿಗೆ ಒಂದೇ ಚಿಂತೆ. ತಮ್ಮ ಬಳಿಕ ಈ ಪುಸ್ತಕಗಳ ಗತಿಯೇನು? ಒಡೆಯ ತೀರಿಕೊಂಡ ಮೇಲೆ ಸಂಗ್ರಹಗಳು ಹಂಚಿಹೋಗುವುದನ್ನು ಅವರು ಕಂಡಿದ್ದರು. ಮೊದಲು ವೆನಿಸಿನ ದ್ವೀಪವೊಂದರಲ್ಲಿದ್ದ ಸಂತ ಜಾರ್ಜರ ಮಠಕ್ಕೆ ಕೊಡಲು ನಿಶ್ಚಯಿಸಿದರು. ಆದರೆ ದೋಣಿಯಲ್ಲಿ ಹೋಗಬೇಕಾದ ಜಾಗಕ್ಕೆ ಓದುಗರು ಸುಲಭವಾಗಿ ತಲುಪಲಾರರೆಂದು ಯೋಚಿಸಿ, ಜಗದ್ಗುರುಗಳ ಅನುಮತಿ ಪಡೆದು ಆ ದಾನವನ್ನು ಬದಲಾಯಿಸಿದರು. 1468ರಲ್ಲಿ ಇಡೀ ಸಂಗ್ರಹವನ್ನು ವೆನಿಸ್ ಗಣರಾಜ್ಯಕ್ಕೆ, ಸಂತ ಮಾರ್ಕರ ಹೆಸರಿನಲ್ಲಿ ಒಪ್ಪಿಸಿದರು. ಪಟ್ಟಿಯಲ್ಲಿದ್ದ ಹಸ್ತಪ್ರತಿಗಳು 746. ಅವುಗಳಲ್ಲಿ 482 ಗ್ರೀಕ್, 264 ಲ್ಯಾಟಿನ್. ಪೂರ್ವದ ಹಡಗುಗಳು ಬಂದು ತಂಗುವ, ಗ್ರೀಕ್ ನಿರಾಶ್ರಿತರು ಹೆಚ್ಚಾಗಿ ನೆಲೆಸಿದ ನಗರ ಅದೆಂಬುದೇ ಈ ಆಯ್ಕೆಗೆ ಕಾರಣ. ಎಲ್ಲರಿಗೂ ಓದಲು ಸಿಗಬೇಕೆಂಬುದೇ ಅವರ ಬಯಕೆ. ಪ್ರತಿಯೊಂದು ಪುಸ್ತಕದ ಮೇಲೂ ತಮ್ಮ ಹೆಸರನ್ನೂ ಅದರ ಜಾಗದ ಸಂಖ್ಯೆಯನ್ನೂ ಗ್ರೀಕ್ ಮತ್ತು ಲ್ಯಾಟಿನ್ ಎರಡರಲ್ಲೂ ಬರೆದಿಟ್ಟಿದ್ದರು.

1472ರಲ್ಲಿ ರೋಗಪೀಡಿತರಾಗಿದ್ದರೂ ರಾಜರನ್ನು ಒಂದುಗೂಡಿಸಲೆಂದು ಫ್ರಾನ್ಸಿಗೆ ಹೋದರು. ಪ್ರಯತ್ನ ಫಲಿಸಲಿಲ್ಲ. ಮರಳುವ ದಾರಿಯಲ್ಲಿ ರವೆನ್ನಾದಲ್ಲಿ ಕೊನೆಯುಸಿರೆಳೆದರು. ಅವರ ದೇಹವನ್ನು ರೋಮಿನ ಪವಿತ್ರ ಪ್ರೇಷಿತರ ದೇವಾಲಯದಲ್ಲಿ ಇರಿಸಲಾಯಿತು.

ಪೆಟ್ಟಿಗೆಯಲ್ಲಿ ಮಲಗಿದ ಪುಸ್ತಕಗಳು

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವೆನಿಸಿಗೆ ಬಂದ ಪುಸ್ತಕಗಳಿಗೆ ಜಾಗವಿರಲಿಲ್ಲ. ಅಧಿಪತಿಯ ಅರಮನೆಯಲ್ಲಿ ಅವು ದಶಕಗಟ್ಟಲೆ ಪೆಟ್ಟಿಗೆಗಳಲ್ಲೇ ಉಳಿದವು. ಎರವಲು ಹೋದ ಕೆಲವು ಮರಳಿ ಬರಲಿಲ್ಲ. ವಾಸ್ತುಶಿಲ್ಪಿ ಸಾನ್ಸೊವಿನೊ ಗ್ರಂಥಾಲಯದ ಕಟ್ಟಡವನ್ನು ಆರಂಭಿಸಿದ್ದು 1537ರಲ್ಲಿ. ಅಷ್ಟರಲ್ಲಿ ಬೆಸ್ಸಾರಿಯೋನ್ ತೀರಿ 65 ವರ್ಷಗಳಾಗಿದ್ದವು.

ಅವರ ಸಂಗ್ರಹದಲ್ಲಿದ್ದ ಇಲಿಯಡ್ ಕಾವ್ಯದ 10ನೇ ಶತಮಾನದ ಪ್ರತಿಯೊಂದರ ಅಂಚುಗಳಲ್ಲಿ ಪ್ರಾಚೀನ ಅಲೆಕ್ಸಾಂಡ್ರಿಯಾದ ಪಂಡಿತರ ಟಿಪ್ಪಣಿಗಳಿದ್ದವು. ಫ್ರಾನ್ಸಿನ ವಿಲ್ವಾಸೊಂ ಅದನ್ನು 1788ರಲ್ಲಿ ಪ್ರಕಟಿಸಿದಾಗ ಹೋಮರನ ಅಧ್ಯಯನದ ದಾರಿಯೇ ಬದಲಾಯಿತು. ಆ ಪುಸ್ತಕ ಕೇಳುವವರಿಗಾಗಿ ಅಲ್ಲಿ 300 ವರ್ಷಗಳಿಗೂ ಹೆಚ್ಚು ಕಾಲ ಕಾದಿತ್ತು. ವೆನಿಸಿನ ಮಾರ್ಚಾನಾ ಗ್ರಂಥಾಲಯದಲ್ಲಿ ಅದು ಇಂದಿಗೂ ಸುರಕ್ಷಿತವಾಗಿದೆ.

ಪ್ರಿಯ ಓದುಗರೇ, ಲೋಕದ ಲೆಕ್ಕದಲ್ಲಿ ಬೆಸ್ಸಾರಿಯೋನರ ದೊಡ್ಡ ಕೆಲಸಗಳೆಲ್ಲ ಸೋತವು. ಫ್ಲೋರೆನ್ಸಿನ ಐಕ್ಯ ನಿಲ್ಲಲಿಲ್ಲ. ಕಾನ್‌ಸ್ಟಾಂಟಿನೋಪಲ್ ಮರಳಿ ಸಿಗಲಿಲ್ಲ. ಹುಟ್ಟಿದ ಊರು ಟ್ರೆಬಿಜೋಂಡ್ ಕೂಡ 1461ರಲ್ಲಿ ಬಿತ್ತು. ರಾಜರು ಅವರ ಮಾತನ್ನು ಕೇಳಲಿಲ್ಲ. ಉಳಿದದ್ದು ಸದ್ದಿಲ್ಲದೆ ಮಾಡಿದ ಒಂದು ಕೆಲಸ ಮಾತ್ರ. ಯಾವ ಬೀಜ ಮೊಳೆಯುತ್ತದೆಂದು ಬಿತ್ತುವವನಿಗೆ ತಿಳಿದಿರುವುದಿಲ್ಲ.

ನಮ್ಮ ಮನೆಗಳ ಅಟ್ಟದಲ್ಲಿಯೂ, ಚರ್ಚಿನ ಹಳೆಯ ಕಪಾಟುಗಳಲ್ಲಿಯೂ ಅಜ್ಜ ಅಜ್ಜಿಯರ ಕೊಂಕಣಿ ಪ್ರಾರ್ಥನಾ ಪುಸ್ತಕಗಳು, ಕೈಬರಹದ ಕೀರ್ತನೆಗಳು, ಹಳೆಯ ಪತ್ರಿಕೆಗಳು ಇರಬಹುದು. ಕರಾವಳಿಯ ಮಳೆಗೂ ಗೆದ್ದಲಿಗೂ ಅವುಗಳ ಬೆಲೆ ತಿಳಿಯದು. ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡೋಣ. ತೆಗೆದಿಟ್ಟರೆ ಮಾತ್ರ ಸಾಲದು, ಮಕ್ಕಳಿಗೂ ಓದಿ ಹೇಳೋಣ. ಈ ತಿಂಗಳು ಅಗಲಿದವರಿಗಾಗಿ ಪ್ರಾರ್ಥಿಸುವಾಗ ಗಡ್ಡದ ಈ ಕಾರ್ಡಿನಲರನ್ನೂ ನೆನೆಯೋಣ. ಅವರ ಆತ್ಮಕ್ಕೆ ಚಿರಶಾಂತಿ ಲಭಿಸಲಿ.