ಋತುಜ್ವರದ ಮೂಲವನ್ನರಸಿದ ರೊನಾಲ್ಡ್ ರಾಸ್

ಹಿಂಗಾರಿ ಜೋಳದ ಬಿತ್ತನೆಯ ದಿನಗಳಲ್ಲಿ ವಿಜಯಪುರದ ಓಣಿಗಳಲ್ಲಿಯೂ ತಿಕೋಟಾ, ಬಬಲೇಶ್ವರಗಳ ಮನೆಗಳಲ್ಲಿಯೂ ಜ್ವರದ ಮಾತು ಕೇಳಿಬರುವುದುಂಟು. ಹಿಂದೆ ಆಗ ವೈದ್ಯರನ್ನು ಅವಸರದಿಂದ ಮನೆಗೆ ಕರೆತರುತ್ತಿದ್ದರು. ರೋಗಿಯ ನಾಡಿಯನ್ನು ಹಿಡಿದ ವೈದ್ಯನು ಆ ಮನೆಯ ನೀರಿನ ತೊಟ್ಟಿಯನ್ನೂ ನೋಡಬೇಕೆಂಬ ಪಾಠವನ್ನು ಲೋಕಕ್ಕೆ ಕಲಿಸಿದವರಲ್ಲಿ ಸರ್ ರೊನಾಲ್ಡ್ ರಾಸ್ ಅಗ್ರಗಣ್ಯರು. ಆ ಪಾಠದ ಓನಾಮ ಮೂಡಿದುದು ಕನ್ನಡ ನಾಡಿನ ಬೆಂಗಳೂರಿನಲ್ಲಿ.

ರಾಸ್‌ರವರು 1857ನೆಯ ಮೇ 13ರಂದು ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ ಜನಿಸಿದರು. ಕಾವ್ಯ, ಸಂಗೀತಗಳಲ್ಲಿ ಒಲವಿದ್ದರೂ ಸೇನಾಧಿಕಾರಿಯಾಗಿದ್ದ ತಂದೆಯ ಇಚ್ಛೆಗೆ ಮಣಿದು ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, 1881ರಲ್ಲಿ ಭಾರತದ ವೈದ್ಯಕೀಯ ಸೇವೆಯನ್ನು ಸೇರಿದರು.

1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದಾಗ ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿದ್ದಿತು. ಕಿಟಕಿಯ ಬಳಿಯ ಪೀಪಾಯಿಯ ನೀರಿನಲ್ಲಿ ಸೊಳ್ಳೆಯ ಮರಿಗಳು ಮಿಡುಕುತ್ತಿದ್ದುದನ್ನು ಕಂಡು ಅದನ್ನು ಬರಿದುಮಾಡಿಸಿದರು, ಕಾಟವು ತಗ್ಗಿತು. ಜೊತೆಯ ಅಧಿಕಾರಿಯಾದರೋ ಇದು ಸೃಷ್ಟಿಕ್ರಮಕ್ಕೆ ಅಡ್ಡಬರುವ ಕಾರ್ಯವೆಂದು ತಳ್ಳಿಹಾಕಿದನು.

1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದಾಗ ಸರಕಾರವು ಅವರನ್ನೇ ಕಳುಹಿಸಿತು. ಅವರು ಊರಿನ ಬಾವಿ, ಚರಂಡಿ, ಕಸದ ರಾಶಿಗಳನ್ನು ಪರಿಶೀಲಿಸಿ, ಮರುವರ್ಷ ನಗರನೈರ್ಮಲ್ಯವನ್ನು ಕುರಿತು ವಿಸ್ತಾರವಾದ ವರದಿಯನ್ನು ಒಪ್ಪಿಸಿದರು. ರೋಗವನ್ನು ಔಷಧದ ಬಟ್ಟಲಿನಲ್ಲಿ ಮಾತ್ರವಲ್ಲ, ಊರಿನ ನೀರಿನಲ್ಲಿಯೂ ಎದುರಿಸಬೇಕೆಂಬುದು ಅವರಿಗೆ ಮನದಟ್ಟಾಯಿತು.

1897ರಲ್ಲಿ ಉದಕಮಂಡಲದ ಸೀಮೆಯಲ್ಲಿ ಸ್ವತಃ ಮಲೇರಿಯಾಕ್ಕೆ ತುತ್ತಾದರೂ ಅವರು ಶೋಧವನ್ನು ಬಿಡಲಿಲ್ಲ. ಅದೇ ವರ್ಷದ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತವನ್ನು ಹೀರಿದ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಜೀವಾಣು ಅವರ ಕಣ್ಣಿಗೆ ಬಿದ್ದಿತು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವು ಸೊಳ್ಳೆಯ ಕಡಿತದಿಂದಲೇ ಹರಡುವುದನ್ನು ಸಿದ್ಧಪಡಿಸಿದರು. ಮಳೆಯೊಡನೆ ನೀರು ನಿಲ್ಲುವುದು, ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುವುದು, ಅದರ ಬೆನ್ನಿಗೆ ಜ್ವರ ಬರುವುದು: ಕೆಟ್ಟ ಗಾಳಿಯ ಮೇಲೆ ಹೊರಿಸಿದ್ದ ಅಪವಾದವು ಹೀಗೆ ತೊಲಗಿತು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಮುಂದೆ ಮಾರಿಷಸ್ಸಿನಲ್ಲಿ ಮಕ್ಕಳ ಗುಲ್ಮದ ಊತವನ್ನು ಪರೀಕ್ಷಿಸಿ, ಎಲ್ಲೆಲ್ಲಿ ಜ್ವರದ ಬಾಧೆ ಎಷ್ಟೆಂಬುದನ್ನು ಅಳೆದರು. ಒಂದೊಂದು ಮಗುವಿನ ಪರೀಕ್ಷೆಯೂ ಇಡೀ ಊರಿನ ಆರೋಗ್ಯದ ಲೆಕ್ಕಕ್ಕೆ ಒದಗಿತು. 1932ನೆಯ ಸೆಪ್ಟೆಂಬರ್ 16ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು.

ನೀರನ್ನು ತುಂಬಿಟ್ಟುಕೊಂಡು ಬಾಳುವ ಬಯಲುಸೀಮೆಯ ಮನೆಗಳಿಗೆ ಈ ಜೀವನವು ಕೈದೀವಿಗೆಯಾಗಿದೆ. ಡೆಂಗಿಯನ್ನು ಹರಡುವ ಸೊಳ್ಳೆಯು ಮನೆಯ ತಿಳಿನೀರಿನಲ್ಲಿಯೇ ಬೆಳೆಯುತ್ತದೆ. ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ ಉಜ್ಜಿ, ತುಂಬಿದ ಮೇಲೆ ಮುಚ್ಚಿಡುವ ವಿದ್ಯಾರ್ಥಿಯು ರಾಸ್‌ರವರ ಕಾರ್ಯವನ್ನೇ ಮುಂದುವರಿಸಿದಂತಾಗುವುದು.