ಆಚಾರ್ಯ ಪ್ರಫುಲ್ಲಚಂದ್ರ ರಾಯ್ (1861–1944): ವಿಜ್ಞಾನಿ ಪರಿಚಯ

ಹರಿಹರದ ಬಳಿ ಹರಿಯುವ ತುಂಗಭದ್ರಾ ನದಿಯು ಹರಿಹರ ಹಾಗೂ ದಾವಣಗೆರೆ ನಗರಗಳಿಗೆ ಕುಡಿಯುವ ನೀರಿನ ಪ್ರಮುಖ ಮೂಲವಾಗಿದೆ. ನೀರಿನಲ್ಲಿ ಅಮೋನಿಯಾ ಅಂಶ ಹೆಚ್ಚಿರುವುದು ಚರಂಡಿ ನೀರು ಸೇರಿರಬಹುದೆಂಬುದರ ಸೂಚನೆ. ಇದನ್ನು ಪತ್ತೆ ಹಚ್ಚಲು ಪ್ರಯೋಗಾಲಯಗಳಲ್ಲಿ ಬಹುಕಾಲ ಬಳಸಲಾದ ನೆಸ್ಲರ್ ಕಾರಕವು ಪಾದರಸದ ಸಂಯುಕ್ತವಾಗಿದೆ. ಪಾದರಸ ಮತ್ತು ಸಾರಜನಕ ಸೇರಿದ ಸಂಯುಕ್ತಗಳನ್ನು ಭಾರತದಲ್ಲಿ ಆಳವಾಗಿ ಅಭ್ಯಸಿಸಿದ ಹಿರಿಯರು ಆಚಾರ್ಯ ಪ್ರಫುಲ್ಲಚಂದ್ರ ರಾಯ್ ರವರು.

ಶ್ರೀಯುತರು 1861ರ ಆಗಸ್ಟ್ 2ರಂದು, ಈಗಿನ ಬಾಂಗ್ಲಾದೇಶದಲ್ಲಿರುವ ರಾರುಲಿ ಗ್ರಾಮದಲ್ಲಿ ಜನಿಸಿದರು. ವಿದ್ಯಾರ್ಥಿವೇತನದ ನೆರವಿನಿಂದ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿ, 1887ರಲ್ಲಿ ಡಾಕ್ಟರ್ ಆಫ್ ಸೈನ್ಸ್ ಪದವಿ ಪಡೆದರು. 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು.

ಪಾದರಸದ ಮೇಲೆ ಸಾರಗುಂದಿದ ನೈಟ್ರಿಕ್ ಆಮ್ಲವನ್ನು ತಣ್ಣಗಿನ ಸ್ಥಿತಿಯಲ್ಲಿ ಪ್ರಯೋಗಿಸಿದಾಗ ಅನಿರೀಕ್ಷಿತವಾಗಿ ಹಳದಿ ಹರಳುಗಳು ಕಂಡುಬಂದವು. ಅವರು ಅದನ್ನು ಕಡೆಗಣಿಸದೆ ಪರೀಕ್ಷಿಸಿ, ಅದು ಮರ್ಕ್ಯುರಸ್ ನೈಟ್ರೈಟ್ ಎಂದು ನಿರ್ಧರಿಸಿ 1896ರಲ್ಲಿ ಪ್ರಕಟಿಸಿದರು. ಈ ಸಂಯುಕ್ತದಲ್ಲಿ ಎರಡು ಪಾದರಸ ಪರಮಾಣುಗಳು ಪರಸ್ಪರ ಬಂಧಿತವಾಗಿ ಜೋಡಿಯಾಗಿರುತ್ತವೆ. ಆ ಜೋಡಿಗೆ ಎರಡು ನೈಟ್ರೈಟ್ ಗುಂಪುಗಳು ಸೇರಿರುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವರು ಪಾದರಸವು ಸಾರಜನಕದೊಂದಿಗೆ ನೇರವಾಗಿ ಬಂಧಿತವಾಗಿರುವ ಅಮೋನಿಯಂ ಸಂಯುಕ್ತಗಳನ್ನೂ ಅಭ್ಯಸಿಸಿದರು. ನೆಸ್ಲರ್ ಪರೀಕ್ಷೆಯಲ್ಲಿ ಕಾಣುವ ಕಂದು ಬಣ್ಣದ ಪ್ರಕ್ಷೇಪವೂ ಇದೇ ವರ್ಗಕ್ಕೆ ಸೇರಿದ್ದು. ಅದರಲ್ಲಿ ಪ್ರತಿ ಸಾರಜನಕ ಪರಮಾಣುವಿನ ಸುತ್ತ ನಾಲ್ಕು ಪಾದರಸ ಪರಮಾಣುಗಳು ಇರುತ್ತವೆ. ಪ್ರತಿ ಪಾದರಸ ಪರಮಾಣು ಎರಡು ಸಾರಜನಕಗಳ ನಡುವೆ ಕೊಂಡಿಯಂತಿದ್ದು, ಒಟ್ಟಾರೆ ಒಂದು ಬಲೆಯ ರಚನೆ ಏರ್ಪಡುತ್ತದೆ.

ಸಂಶೋಧನೆಯು ಪ್ರಯೋಗಾಲಯಕ್ಕೆ ಸೀಮಿತವಾಗಬಾರದೆಂಬುದು ಶ್ರೀಯುತರ ನಿಲುವಾಗಿತ್ತು. ಸ್ವಂತ ಉಳಿತಾಯದಿಂದ ಆರಂಭಿಸಿದ ಔಷಧ ತಯಾರಿಕೆಯು 1901ರಲ್ಲಿ ಬೆಂಗಾಲ್ ಕೆಮಿಕಲ್ ಕಂಪನಿಯಾಗಿ ನೋಂದಣಿಯಾಯಿತು. 1922ರ ಉತ್ತರ ಬಂಗಾಳದ ನೆರೆ ಹಾವಳಿಯಲ್ಲಿ ಪರಿಹಾರ ಕಾರ್ಯವನ್ನು ಮುನ್ನಡೆಸಿದರು. ಅರವತ್ತು ವರ್ಷ ತುಂಬಿದ ನಂತರ ತಮ್ಮ ವೇತನವನ್ನು ಕಲ್ಕತ್ತಾ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. ಅವಿವಾಹಿತರಾಗಿದ್ದು ಅತ್ಯಂತ ಸರಳವಾಗಿ ಬಾಳಿದರು. ಅವರ ಶಿಷ್ಯ ಜ್ಞಾನಚಂದ್ರ ಘೋಷ್ ರವರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದುದರಿಂದ ಈ ಗುರುಪರಂಪರೆಯು ಕರ್ನಾಟಕಕ್ಕೂ ತಲುಪಿತು. ಆಚಾರ್ಯರು 1944ರ ಜೂನ್ 16ರಂದು ನಿಧನರಾದರು.

ಪಾದರಸವು ವಿಷಕಾರಿಯಾಗಿದ್ದು, ಮಣ್ಣು ಮತ್ತು ನೀರಿನಲ್ಲಿ ನಾಶವಾಗದೆ ಉಳಿಯುತ್ತದೆ. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿದೆ. ಅಮೋನಿಯಾ ಪರೀಕ್ಷೆಗೆ ಪಾದರಸರಹಿತ ವಿಧಾನಗಳು ಈಗ ಲಭ್ಯವಿವೆ. ಆದುದರಿಂದ ಶಾಲಾ ಕಾಲೇಜುಗಳು ಹಾಗೂ ಪ್ರಯೋಗಾಲಯಗಳು ಪಾದರಸಯುಕ್ತ ತ್ಯಾಜ್ಯವನ್ನು ಚರಂಡಿಗೆ ಸುರಿಯದೆ ಪ್ರತ್ಯೇಕವಾಗಿ ಸಂಗ್ರಹಿಸಿ ನಿಯಮಾನುಸಾರ ವಿಲೇವಾರಿ ಮಾಡತಕ್ಕದ್ದು. ನೀರಿನ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಮಾದರಿಯನ್ನು ಶುದ್ಧ ಸೀಸೆಯಲ್ಲಿ ಸಂಗ್ರಹಿಸಿ, ಸಂಗ್ರಹಿಸಿದ ಸ್ಥಳ, ದಿನಾಂಕ ಮತ್ತು ಸಮಯವನ್ನು ಸ್ಪಷ್ಟವಾಗಿ ನಮೂದಿಸಿ, ವಿಳಂಬವಿಲ್ಲದೆ ಪ್ರಯೋಗಾಲಯಕ್ಕೆ ತಲುಪಿಸಲು ಕೋರಲಾಗಿದೆ.